ಸಾರವಾಡದ ಅಸರ್, ನಮ್ಮ ಕುನೂತ್

ವ್ಯಾಪಾರಕ್ಕೋ ಓದಿಗೋ ಮಂಗಳೂರು ಬಿಟ್ಟು ವಿಜಯಪುರಕ್ಕೆ ಹೋದ ನಮ್ಮ ಹುಡುಗರನ್ನು ಮೊದಲು ಗೊಂದಲಕ್ಕೆ ಹಾಕುವುದು ಅಸರ್ ಬಾಂಗು. ಬಬಲೇಶ್ವರ ರಸ್ತೆಯ ಸಾರವಾಡವೂ ಸೇರಿ ಆ ಸೀಮೆಯ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು, ಬ್ಯಾರಿಗಳಾದ ನಾವು ಶಾಫಿಈಗಳು. ಮಧ್ಯಾಹ್ನದ ನೆರಳನ್ನು ಬಿಟ್ಟು ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ನಮಗೆ ಅಸರ್. ಅದರ ಎರಡರಷ್ಟಾಗುವವರೆಗೆ ಅವರು ಕಾಯುತ್ತಾರೆ. ಸುಬಹಿಯಲ್ಲಿ ನಾವು ಕುನೂತ್‌ಗೆ ಕೈ ಎತ್ತುವ ಹೊತ್ತಿಗೆ ಅಲ್ಲಿನ ಇಮಾಮರು ಸುಜೂದಿಗೆ ಹೋಗಿರುತ್ತಾರೆ. ಆಮೀನ್ ಕೂಡ ಮೆಲ್ಲಗೆ.

ಇಷ್ಟಕ್ಕೇ "ಅವರದ್ದು ಸರಿಯಿಲ್ಲ" ಎಂಬ ಮಾತು ನಮ್ಮ ಬಾಯಿಗೆ ಎಷ್ಟು ಬೇಗ ಬರುತ್ತದೆ! ಪಳ್ಳಿಯ ಜಗಲಿಯಲ್ಲಿ ಶುರುವಾಗಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಜಗಳವಾಗಿ ಮುಗಿಯುತ್ತದೆ. ನಮಾಝ್ ಮುಗಿಸಿ ಎದ್ದವನ ಮನಸ್ಸಿನಲ್ಲಿ ಪಕ್ಕದವನ ಬಗ್ಗೆ ತಾತ್ಸಾರ ಕೂತಿದ್ದರೆ, ಆ ಸುಜೂದ್ ನಫ್ಸನ್ನು ಎಷ್ಟು ತಗ್ಗಿಸಿತು ಎಂದು ಕೇಳಿಕೊಳ್ಳಬೇಕಾದವರು ನಾವೇ.

ಇಮಾಮರು ಹೀಗಿರಲಿಲ್ಲ. ಇಮಾಮ್ ಅಬೂ ಹನೀಫಾ ತೀರಿಕೊಂಡ ಹಿಜರಿ 150ರಲ್ಲೇ ಇಮಾಮ್ ಶಾಫಿಈ ಹುಟ್ಟಿದ್ದು. ಮದೀನಾದಲ್ಲಿ ಇಮಾಮ್ ಮಾಲಿಕರ ಬಳಿ ಓದಿ, ಮುಂದೆ ಬಗ್ದಾದಿನಲ್ಲಿ ಅಬೂ ಹನೀಫಾರ ಶಿಷ್ಯ ಮುಹಮ್ಮದ್ ಶೈಬಾನಿಯವರ ಎದುರು ಕೂತು ಕಲಿತರು. ಗುರುಗಳೊಂದಿಗೆ ವಾದ ಮಾಡಿದರು, ಭಿನ್ನ ತೀರ್ಪನ್ನೂ ಕೊಟ್ಟರು, ಗೌರವ ಮಾತ್ರ ಬಿಡಲಿಲ್ಲ. ಅಬೂ ಹನೀಫಾರ ಖಬರಿನ ಹತ್ತಿರ ಸುಬಹಿ ನಮಾಝ್ ಮಾಡಿದಾಗ ಅವರ ಮೇಲಿನ ಅದಬಿನಿಂದ ಕುನೂತ್ ಬಿಟ್ಟರೆಂದೂ ಹೇಳುವುದುಂಟು. ತಮ್ಮ ಅಭಿಪ್ರಾಯವನ್ನೇನೂ ಅವರು ಬದಲಿಸಿಕೊಳ್ಳಲಿಲ್ಲ ಎಂಬುದನ್ನು ಗಮನಿಸಬೇಕು. ಸ್ವಾರಸ್ಯವೆಂದರೆ, ಅಸರ್ ಹೊತ್ತಿನ ವಿಷಯದಲ್ಲಿ ಅಬೂ ಹನೀಫಾರ ನೇರ ಶಿಷ್ಯರಾದ ಅಬೂ ಯೂಸುಫ್ ಮತ್ತು ಶೈಬಾನಿ ಇಬ್ಬರೂ ಹೇಳಿದ್ದು ಒಂದೇ ನೆರಳಿನ ಲೆಕ್ಕವನ್ನು!

ಇನ್ನು ಮೊಹರಂ. ಆ ಭಾಗದ ಹಳ್ಳಿಗಳಲ್ಲಿ ಅಲಾಯಿ ಕುಣಿಯ ಸುತ್ತ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಕುಣಿಯುತ್ತಾರೆ, ಕನ್ನಡದಲ್ಲೇ ರಿವಾಯತ್ ಪದ ಹಾಡುತ್ತಾರೆ. ನಾವು ಒಂಬತ್ತು, ಹತ್ತರ ನೋಂಬು ಹಿಡಿಯುವವರು. ಪಂಜಾ ಎತ್ತುವುದು ನಮ್ಮ ರೂಢಿಯಲ್ಲ, ಉಸ್ತಾದರು ಒಪ್ಪುವುದೂ ಇಲ್ಲ. ಒಪ್ಪದಿರುವುದು ಬೇರೆ, ಆಡಿಕೊಳ್ಳುವುದು ಬೇರೆ. ಕರ್ಬಲಾದ ದುಃಖ ಅವರ ಕನ್ನಡದಲ್ಲಿ ಹೇಗೆ ಹಾಡಾಯಿತು ಎಂದು ಕೇಳಿ ತಿಳಿಯಲು ನೋಂಬು ಅಡ್ಡ ಬರುವುದಿಲ್ಲ. ಜನರನ್ನು ಜನಾಂಗ, ಗೋತ್ರಗಳಾಗಿ ಮಾಡಿದ್ದು ಪರಸ್ಪರ ಅರಿಯಲಿಕ್ಕೆ ಎಂದು ಸೂರಃ ಹುಜುರಾತಿನ 13ನೇ ಆಯತ್ ತಿಳಿಸುತ್ತದಲ್ಲ, ಆ ಅರಿಯುವ ಕೆಲಸ ಕೇಳುವುದರಿಂದಲೇ ಶುರುವಾಗಬೇಕು.

ಆ ಕಡೆ ಹೊರಟ ಮಕ್ಕಳಿಗೆ ಚೀಲ ಕಟ್ಟಿಕೊಡುವಾಗ ಇದನ್ನೂ ಹೇಳಿ ಕಳಿಸೋಣ: ಕುನೂತ್ ಇಲ್ಲದ ಜಮಾಅತಿನಲ್ಲಿ ಏನು ಮಾಡಬೇಕೆಂದು ಹೊರಡುವ ಮುನ್ನ ನಮ್ಮ ಉಸ್ತಾದರನ್ನು ಕೇಳಿಕೋ. ಅಲ್ಲಿಗೆ ಹೋದ ಮೇಲೆ ಸಫ್ ಬಿಟ್ಟು ಮೂಲೆಯಲ್ಲಿ ಒಬ್ಬನೇ ನಿಲ್ಲಬೇಡ.