ಸೆರೆಮನೆಯಿಂದ ಬಂದ ಹೊಸವರ್ಷದ ಹಾರೈಕೆ

ಡಿಸೆಂಬರ್ ತಿಂಗಳ ಕೊನೆಯ ರಾತ್ರಿ ಕ್ರೈಸ್ತ ದೇವಾಲಯಗಳಲ್ಲಿ ದೀಪಗಳು ಬಹು ಹೊತ್ತು ಉರಿಯುತ್ತವೆ. ಕಳೆದ ವರ್ಷದ ತಪ್ಪುಗಳಿಗೆ ಕ್ಷಮೆಯನ್ನೂ ಬರುವ ವರ್ಷಕ್ಕೆ ಅನುಗ್ರಹವನ್ನೂ ಬೇಡಿ ಭಕ್ತರು ಮೊಣಕಾಲೂರುತ್ತಾರೆ. ಜರ್ಮನಿಯ ದೇವಾಲಯಗಳಲ್ಲಿ ಆ ದಿನಗಳಂದು ಒಂದು ಹಾಡನ್ನು ಹಾಡುವುದು ವಾಡಿಕೆಯಾಗಿದೆ. ಆ ಹಾಡು ಹುಟ್ಟಿದ್ದು ಮಾತ್ರ ದೇವಾಲಯದಲ್ಲಲ್ಲ. ಬರ್ಲಿನ್ ನಗರದಲ್ಲಿ, ಹಿಟ್ಲರನ ಗುಪ್ತ ಪೊಲೀಸರ ಸೆರೆಮನೆಯ ನೆಲಮಾಳಿಗೆಯಲ್ಲಿ, 1944ನೆಯ ಇಸವಿಯ ಡಿಸೆಂಬರಿನಲ್ಲಿ.

ಬರೆದವನು ಡೀಟ್ರಿಕ್ ಬೋನ್‌ಹಾಫರ್. 1906ರಲ್ಲಿ ಹುಟ್ಟಿದ ಈತನ ತಂದೆ ಹೆಸರಾಂತ ಮನೋವೈದ್ಯ. ಮಗನು ದೇವತಾಶಾಸ್ತ್ರವನ್ನು ಓದಿ ಸಭಾಪಾಲಕನಾದನು. 1933ರಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದಾಗ ಅನೇಕ ಪಾದ್ರಿಗಳು ಅವನಿಗೆ ಜಯಕಾರ ಹಾಕಿದರು, ಬೋನ್‌ಹಾಫರ್ ಹಾಕಲಿಲ್ಲ. ಅಹಿಂಸಾತ್ಮಕ ಪ್ರತಿರೋಧವನ್ನು ಕಲಿಯಬೇಕೆಂದು ಗಾಂಧೀಜಿಯವರಿಗೆ ಪತ್ರ ಬರೆದನು. ತಮ್ಮ ಆಶ್ರಮಕ್ಕೆ ಬರಬಹುದೆಂದು 1934ರ ನವೆಂಬರಿನಲ್ಲಿ ಅವರು ಉತ್ತರಿಸಿದರು. ಆದರೆ ಆ ಪ್ರಯಾಣ ಕೈಗೂಡಲಿಲ್ಲ. ಹಿಟ್ಲರನಿಗೆ ತಲೆಬಾಗದ ಕ್ರೈಸ್ತ ಸಭೆಯ ತರುಣ ಪಾದ್ರಿಗಳಿಗೆ ಪಾಠ ಹೇಳುವ ಹೊಣೆ ಅವನ ಮೇಲೆ ಬಿದ್ದಿತು.

1939ರ ಬೇಸಗೆಯಲ್ಲಿ ಗೆಳೆಯರು ಅವನನ್ನು ನ್ಯೂಯಾರ್ಕಿಗೆ ಕರೆಸಿಕೊಂಡರು. ಅಲ್ಲಿ ಪ್ರಾಣಭಯವಿರಲಿಲ್ಲ, ಉದ್ಯೋಗವೂ ಕಾದಿತ್ತು. ಆದರೂ ಕೆಲವೇ ವಾರಗಳಲ್ಲಿ ಅವನು ಹಡಗು ಹತ್ತಿ ತಾಯ್ನಾಡಿಗೆ ಮರಳಿದನು. ತನ್ನ ಜನರ ಕಷ್ಟದಲ್ಲಿ ಪಾಲುಗೊಳ್ಳದವನಿಗೆ ಯುದ್ಧಾನಂತರ ಅವರ ಧರ್ಮಜೀವನವನ್ನು ಮತ್ತೆ ಕಟ್ಟುವ ಅಧಿಕಾರವಿಲ್ಲವೆಂಬುದು ಅವನ ವಾದ. ಮರಳಿದವನು ಹಿಟ್ಲರನನ್ನು ಕೆಳಗಿಳಿಸುವ ಗುಪ್ತ ಪ್ರಯತ್ನದಲ್ಲಿ ಸೇರಿದನು.

1943ರ ಹೊಸವರ್ಷಕ್ಕೆ ಅವನು ಆಪ್ತರಿಗೆ ಒಂದು ಪ್ರಬಂಧವನ್ನು ಬರೆದುಕೊಟ್ಟನು. ಅದರ ಒಂದು ಪ್ರತಿಯನ್ನು ಮನೆಯ ಸೂರಿನ ತೊಲೆಗಳ ನಡುವೆ ಅಡಗಿಸಿಡಲಾಯಿತು. ಹಬ್ಬದ ಸಿಹಿಮಾತು ಅದರಲ್ಲಿಲ್ಲ. ಹತ್ತು ವರ್ಷ ಕೇಡನ್ನು ಕಂಡು ಕಪಟವನ್ನು ಕಲಿತುಹೋದ ನಮ್ಮಿಂದ ಇನ್ನು ಒಳ್ಳೆಯ ಕೆಲಸವಾದೀತೆ ಎಂದು ತನ್ನನ್ನೂ ಗೆಳೆಯರನ್ನೂ ಅವನು ಕೇಳಿಕೊಂಡನು. ಆದರೂ ಭವಿಷ್ಯವನ್ನು ದುಷ್ಟರ ಕೈಗೊಪ್ಪಿಸಿ ಕುಳಿತುಕೊಳ್ಳುವುದು ಭಕ್ತಿಯಲ್ಲವೆಂದೂ, ಲೋಕದ ಕೊನೆಯ ದಿನ ಬರುವವರೆಗೂ ಮುಂದಿನ ಪೀಳಿಗೆಗಾಗಿ ದುಡಿಯಬೇಕೆಂದೂ ಅದರ ಸಾರ. ಪಶ್ಚಾತ್ತಾಪ, ಅದರ ಬೆನ್ನಿಗೆ ಕರ್ತವ್ಯ: ಅವನಿಗೆ ತೋರಿದ ನವೀಕರಣದ ದಾರಿ ಇದು.

ಅದೇ ಜನವರಿಯಲ್ಲಿ ಮರಿಯಾ ಫಾನ್ ವೆಡೆಮಾಯರ್ ಎಂಬ ತರುಣಿಯೊಡನೆ ಅವನ ವಿವಾಹ ನಿಶ್ಚಯವಾಯಿತು. ಮೂರು ತಿಂಗಳು ತುಂಬುವ ಮೊದಲೇ, ಏಪ್ರಿಲ್ 5ರಂದು, ಪೊಲೀಸರು ಅವನನ್ನು ಹಿಡಿದೊಯ್ದರು. ಒಂದೂವರೆ ವರ್ಷ ಒಂದು ಸೆರೆಮನೆ; 1944ರ ಅಕ್ಟೋಬರಿನಿಂದ ಆ ನೆಲಮಾಳಿಗೆ. ಹೊರಗೆ ನಗರದ ಮೇಲೆ ಬಾಂಬುಗಳು ಬೀಳುತ್ತಿದ್ದವು. ಅಣ್ಣ ಕ್ಲೌಸನೂ ಇಬ್ಬರು ಭಾವಂದಿರೂ ಆಗಲೇ ಸೆರೆಯಲ್ಲಿದ್ದರು. ಡಿಸೆಂಬರ್ 19ರಂದು ಅವನು ಮರಿಯಾಳಿಗೆ ಬರೆದ ಪತ್ರದಲ್ಲಿ ಏಳು ಪದ್ಯಗಳಿದ್ದವು. ಅವು ಅವಳಿಗೂ ತಂದೆತಾಯಿಗಳಿಗೂ ಒಡಹುಟ್ಟಿದವರಿಗೂ ಕಳುಹಿಸಿದ ಹಬ್ಬದ ಹಾರೈಕೆ.

ಆ ಪದ್ಯಗಳಲ್ಲಿ ಬಿಡುಗಡೆಯ ಬೇಡಿಕೆಯಿಲ್ಲ. ಕಹಿಯ ಬಟ್ಟಲನ್ನು ಕೊಟ್ಟರೆ ನಡುಗದೆ ಸ್ವೀಕರಿಸುವೆವು, ಮತ್ತೆ ಸಂತೋಷವನ್ನು ಕೊಟ್ಟರೆ ಬಾಳನ್ನೆಲ್ಲ ನಿನಗೇ ಒಪ್ಪಿಸುವೆವು ಎಂದು ದೇವರಿಗೆ ಅರಿಕೆ ಮಾಡಿಕೊಳ್ಳುವುದೇ ಅವುಗಳ ಭಾವ. ಗೆತ್ಸೇಮನೆಯ ತೋಟದಲ್ಲಿ ಯೇಸುವು ಮಾಡಿದ ಪ್ರಾರ್ಥನೆಯ ನೆರಳು ಇಲ್ಲಿ ಸ್ಪಷ್ಟವಾಗಿದೆ.

ಕನ್ನಡ ಬೈಬಲ್ಲು ನಂಬಿಕೆ, ಪ್ರೀತಿಗಳ ಜೊತೆಯಲ್ಲಿ ಇಟ್ಟಿರುವ ಮಾತು ‘ಆಸೆ’ಯಲ್ಲ, ‘ನಿರೀಕ್ಷೆ’. ಆಸೆಗೆ ಇಂಥದೇ ಬೇಕು. ಅದು ದೊರೆಯದಿದ್ದರೆ ಬಾಡುತ್ತದೆ. ನಿರೀಕ್ಷೆಯೊಳಗೆ ನೋಡುವ ಕಣ್ಣಿದೆ. ಬರುವುದು ಸುಖವೋ ದುಃಖವೋ ತಿಳಿಯದಿದ್ದರೂ ಬರುವವನು ಯಾರೆಂದು ಬಲ್ಲ ಕಣ್ಣು ಅದು. ಬೋನ್‌ಹಾಫರನಲ್ಲಿದ್ದದ್ದು ಇಂಥ ನಿರೀಕ್ಷೆ.

1945ರ ಏಪ್ರಿಲ್ 9ರ ಮುಂಜಾನೆ ಫ್ಲಾಸೆನ್‌ಬುರ್ಗ್ ಬಂದೀಶಿಬಿರದಲ್ಲಿ ಅವನನ್ನು ಗಲ್ಲಿಗೇರಿಸಿದರು. ಅವನಿಗಾಗ ಮೂವತ್ತೊಂಬತ್ತು ವರ್ಷ. ಎರಡು ವಾರಗಳ ನಂತರ ಅಮೆರಿಕದ ಸೈನಿಕರು ಆ ಶಿಬಿರವನ್ನು ತಲುಪಿದರು. ಅಣ್ಣನೂ ಭಾವಂದಿರೂ ಉಳಿಯಲಿಲ್ಲ. ಜುಲೈ ತಿಂಗಳಲ್ಲಿ ಲಂಡನ್ ರೇಡಿಯೋ ಬಿತ್ತರಿಸಿದ ಸ್ಮಾರಕ ಪ್ರಾರ್ಥನೆಯನ್ನು ಕೇಳಿದಾಗಲೇ ವೃದ್ಧ ತಂದೆತಾಯಿಗಳಿಗೆ ಮಗನ ಮರಣವು ಖಚಿತವಾದದ್ದು. ಅವನು ಹಾರೈಸಿ ಕಳುಹಿಸಿದ ಹೊಸವರ್ಷ ಅವರ ಪಾಲಿಗೆ ಹೀಗೆ ಕಳೆಯಿತು.

ಅಂದಮೇಲೆ ಹಾರೈಕೆ ಸುಳ್ಳಾಯಿತೆ? ವರ್ಷವು ಒಳ್ಳೆಯದಾಗುವುದೆಂದು ಅವನು ಹೇಳಿರಲೇ ಇಲ್ಲ. ವರ್ಷವು ಎಂಥದಾದರೂ ದೇವರ ಕೈ ಬಿಡದೆಂದಷ್ಟೆ ಹೇಳಿದ್ದನು. ಮನೆಯಲ್ಲಿ ಒಂದು ಕುರ್ಚಿ ಬರಿದಾದ ಮೇಲೆ ಹೊಸವರ್ಷವನ್ನು ಎದುರುಗೊಳ್ಳಬೇಕಾದವರು ಪ್ರತಿ ಊರಿನಲ್ಲಿಯೂ ಇದ್ದಾರೆ. ‘ಎಲ್ಲವೂ ಸರಿಹೋದೀತು’ ಎಂಬ ಮಾತು ಅಂಥವರ ಕಿವಿಯ ತನಕವೂ ಹೋಗುವುದಿಲ್ಲ. ನೆಲಮಾಳಿಗೆಯ ಸೆರೆಯಾಳು ಬರೆದ ಹಾಡನ್ನು ಮಾತ್ರ ಅವರೂ ದನಿಗೂಡಿಸಿ ಹಾಡಬಲ್ಲರು.