ಅಡಿಕೆ ಮರ ಹತ್ತಲು ಕಲಿಯುವವರಿಗೆ: ಕೈ ಪಳಗುವ ಮೊದಲು ಭಯ ಬಿಡಬೇಡಿ

ದೀಪಾವಳಿ ಮುಗಿಯಿತೆಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ಒಂದೇ ಪ್ರಶ್ನೆ: ‘ಕೊನೆಗೌಡ್ರು ಯಾವಾಗ ಬರ್ತಾರಂತೆ?’ ಅಂಗಳದಲ್ಲಿ ಚಪ್ಪರ ಎದ್ದಿದೆ, ಅಡಿಕೆ ಸುಲಿಯುವವರಿಗೆ ಹೇಳಿ ಆಗಿದೆ, ಬೇಯಿಸುವ ಹಂಡೆ ತೊಳೆದಿಟ್ಟಿದ್ದಾರೆ. ಮರ ಹತ್ತುವವರು ಬಾರದೆ ಒಂದು ಕೊನೆಯೂ ಕೆಳಗಿಳಿಯದು.

ಹುಡುಗನಾಗಿದ್ದಾಗಲೇ ಅಪ್ಪನ ಜೊತೆ ತೋಟಕ್ಕೆ ಬಂದು, ಕೆಳಗೆ ಹಗ್ಗ ಹಿಡಿದು, ನೋಡಿ ನೋಡಿ ಕಲಿತು ಮರ ಹತ್ತಿದ ತಲೆಮಾರು ಈಗ ಇಳಿವಯಸ್ಸಿನಲ್ಲಿದೆ. ಅವರ ಜಾಗಕ್ಕೆ ಬರುತ್ತಿರುವವರಲ್ಲಿ ಹಲವರು ಹೊಸಬರು. ಬೇರೆ ಕೆಲಸ ಬಿಟ್ಟು ಬಂದ ತರುಣರಿದ್ದಾರೆ. ‘ನಮ್ಮ ತೋಟದ ಕೊನೆ ನಾವೇ ಕೊಯ್ಯೋಣ’ ಎಂದು ಹೊರಟ ಮನೆಯ ಮಕ್ಕಳೂ ಇದ್ದಾರೆ. ಇದು ಸಂತೋಷದ ಸಂಗತಿಯೇ. ಆದರೆ ಹಿಂದಿನವರು ಏಳೆಂಟು ವರ್ಷಗಳಲ್ಲಿ ಕಲಿತದ್ದನ್ನು ಇವರು ಏಳೆಂಟು ದಿನಗಳಲ್ಲಿ ಕಲಿಯಲು ಹೊರಡುತ್ತಾರೆ. ಈ ವಾರದ ಮಾತು ಅವರಿಗೆ, ಮತ್ತು ಅವರನ್ನು ಮರಕ್ಕೆ ಕಳಿಸುವ ನಿಮಗೆ.

ಅಪಾಯ ಯಾವಾಗ?

ಮೊದಲ ದಿನ ಮರ ಹತ್ತುವವನ ಬಗ್ಗೆ ಎಲ್ಲರಿಗೂ ಆತಂಕ. ಅವನಿಗೂ ಭಯ ಇರುತ್ತದೆ. ಹತ್ತಡಿ ಏರಿ, ಎರಡು ಸಲ ಕೆಳಗೆ ನೋಡಿ, ಮೆಲ್ಲಗೆ ಇಳಿದು ಬರುತ್ತಾನೆ. ಆ ಭಯ ಅವನನ್ನು ಕಾಯುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಎರಡನೆಯ ಹಂತದಲ್ಲಿ. ಒಂದು ಹಂಗಾಮು ಕಳೆದಿದೆ, ನೂರಾರು ಮರ ಹತ್ತಿ ಆಗಿದೆ, ಭಯ ಬಿಟ್ಟುಹೋಗಿದೆ. ಕೈ ಮಾತ್ರ ಇನ್ನೂ ಪೂರ್ತಿ ಪಳಗಿಲ್ಲ. ಹಳಬರು ಮರದಿಂದ ಮರಕ್ಕೆ ದಾಟುವುದನ್ನು ನೋಡಿ ತಾನೂ ದಾಟಬಲ್ಲೆ ಎನಿಸುತ್ತದೆ. ಹಳಬರು ಯಾವ ಮರದಿಂದ ದಾಟಲಿಲ್ಲ ಎಂಬುದನ್ನು ಅವನು ಗಮನಿಸಿರುವುದಿಲ್ಲ.

ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವವರು ಈ ಸತ್ಯವನ್ನು ಚೆನ್ನಾಗಿ ಬಲ್ಲರು. ಆಗ್ರಾದಲ್ಲಿರುವ ವಾಯುಪಡೆಯ ತರಬೇತಿ ಶಾಲೆಯಲ್ಲಿ ಸೈನಿಕರು ವಿಮಾನ ಏರುವ ಮೊದಲು ನೆಲದ ಮೇಲೆಯೇ ಕಾಲು ಜೋಡಿಸಿ ಬಿದ್ದು ಉರುಳುವುದನ್ನು ಮತ್ತೆ ಮತ್ತೆ ಕಲಿಯುತ್ತಾರೆ. ಅಮೆರಿಕದ ಪ್ಯಾರಾಚೂಟ್ ಸಂಘ ಹವ್ಯಾಸಿಗಳಿಗೆ ನಾಲ್ಕು ದರ್ಜೆಯ ಪರವಾನಗಿ ಇಟ್ಟಿದೆ. ಮೊದಲನೆಯದಕ್ಕೆ ಕನಿಷ್ಠ ೨೫ ಜಿಗಿತ, ಮುಂದಿನವಕ್ಕೆ ೫೦, ೨೦೦, ೫೦೦. ಸಂಖ್ಯೆಯ ಜೊತೆಗೆ ಪರೀಕ್ಷೆಯೂ ಉಂಟು. ಬಹಳ ದಿನ ಜಿಗಿಯದೆ ಇದ್ದವನು ಮತ್ತೆ ಅಭ್ಯಾಸ ಮಾಡಿಯೇ ಮುಂದುವರಿಯಬೇಕು. ಬೆನ್ನಿಗೆ ಎರಡೆರಡು ಪ್ಯಾರಾಚೂಟ್ ಇರುವವರಿಗೇ ಇಷ್ಟು ಕಟ್ಟುನಿಟ್ಟು. ನಮ್ಮ ತೋಟದಲ್ಲಿ ಹತ್ತುವವನ ಬೆನ್ನಿಗೆ ಏನೂ ಇರುವುದಿಲ್ಲ.

ಲೆಕ್ಕ ಹಾಕಿ ನೋಡಿ. ೧೦ ಅಡಿ ಎತ್ತರದಿಂದ ಬಿದ್ದ ದೇಹ ನೆಲ ಮುಟ್ಟುವಾಗ ಅದರ ವೇಗ ಗಂಟೆಗೆ ಸುಮಾರು ೨೮ ಕಿಲೋಮೀಟರ್. ೫೦ ಅಡಿಯಿಂದಾದರೆ ೬೦ ಕಿಲೋಮೀಟರಿಗೂ ಹೆಚ್ಚು, ಅದೂ ಎರಡು ಸೆಕೆಂಡಿನೊಳಗೆ. ‘ಬೀಳುವಾಗ ಏನಾದರೂ ಹಿಡಿದುಕೊಂಡೇನು’ ಎಂಬ ಯೋಚನೆ ಮುಗಿಯುವ ಮೊದಲೇ ನೆಲ ಬಂದಿರುತ್ತದೆ.

ಮೆಟ್ಟಿಲು ಹತ್ತಿದಂತೆ ಕಲಿಯಿರಿ

ಮರ ಹತ್ತುವುದು ಒಂದು ವಿದ್ಯೆಯಲ್ಲ, ಐದಾರು ವಿದ್ಯೆಗಳ ಗೊಂಚಲು. ಒಂದನ್ನು ಕಲಿತವನಿಗೆ ಇನ್ನೊಂದು ತಾನಾಗಿ ಬರುವುದಿಲ್ಲ.

ಮೊದಲನೆಯದು ನೆಲದ ಕೆಲಸ. ಹಗ್ಗ ಹಿಡಿಯುವುದು, ಗಂಟು ಹಾಕುವುದು, ತಳೆ ಪರೀಕ್ಷಿಸುವುದು, ಮರ ನೋಡುವುದು. ಕೆಲವು ವಾರ ಇದನ್ನೇ ಮಾಡಿದವನ ಕಣ್ಣು ಪಳಗುತ್ತದೆ.

ಎರಡನೆಯದು ಒಣ ದಿನಗಳಲ್ಲಿ ಎಳೆಯ, ಗಟ್ಟಿ ಮರದಲ್ಲಿ ಹತ್ತಡಿಯೊಳಗೆ ಹತ್ತಿ ಇಳಿಯುವ ಅಭ್ಯಾಸ. ಇಳಿಯುವುದನ್ನೇ ಹೆಚ್ಚು ಕಲಿಯಬೇಕು. ದಣಿದ ಕಾಲು ಜಾರುವುದು ಇಳಿಯುವಾಗ.

ಮೂರನೆಯದು ಪೂರ್ತಿ ಎತ್ತರ, ಆದರೆ ಕೈಯಲ್ಲಿ ಕತ್ತಿ ಇಲ್ಲದೆ. ಮೇಲೆ ಸ್ವಲ್ಪ ಹೊತ್ತು ನಿಂತು, ಗಾಳಿಗೆ ಮರ ತೂಗುವುದನ್ನು ಮೈಗೆ ಅಭ್ಯಾಸ ಮಾಡಿಸಿ ಇಳಿಯಬೇಕು.

ನಾಲ್ಕನೆಯದು ಕೊನೆ ಕೊಯ್ಯುವುದು. ಒಂದು ಕೈ ಕೆಲಸಕ್ಕೆ ಹೋದಾಗ ದೇಹದ ತೂಕವೆಲ್ಲ ಕಾಲಿಗೂ ಇನ್ನೊಂದು ಕೈಗೂ ಬೀಳುತ್ತದೆ. ಕೊನೆ ಕಡಿದ ಕ್ಷಣ ಮರ ಹಗುರಾಗಿ ಹಿಂದಕ್ಕೆ ಚಿಮ್ಮುತ್ತದೆ. ಇದನ್ನು ಮೊದಲೇ ತಿಳಿದಿರಬೇಕು.

ಐದನೆಯದು ಮರದಿಂದ ಮರಕ್ಕೆ ದಾಟುವುದು. ಎರಡೂ ಮರಗಳ ಬಲ, ಅಂತರ, ಗಾಳಿ ಮೂರನ್ನೂ ಒಂದೇ ನೋಟದಲ್ಲಿ ಅಳೆಯಬಲ್ಲ ಅನುಭವಿಗಳು ಮಾತ್ರ ಇದಕ್ಕೆ ಕೈ ಹಾಕಬೇಕು. ಕಲಿಯುವವರು ಇಳಿದೇ ಇನ್ನೊಂದು ಮರ ಹತ್ತಲಿ. ದಿನಕ್ಕೆ ಕೊಯ್ಯುವ ಕೊನೆ ಕಡಿಮೆಯಾದೀತು, ಆಗಲಿ.

ಕೊನೆಯದು ಮಳೆಗಾಲದ ಕೊಳೆ ಮದ್ದು. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಉಪಾಯವನ್ನು ಮೈಸೂರು ಸಂಸ್ಥಾನದಲ್ಲಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ತೋರಿಸಿಕೊಟ್ಟು ನೂರು ವರ್ಷಗಳೇ ಕಳೆದಿವೆ. ಮದ್ದು ಹೊಡೆಯಬೇಕಾದದ್ದು ಮಾತ್ರ ಇಂದಿಗೂ ಮಳೆಗಾಲಕ್ಕೆ ತುಸು ಮೊದಲು ಮತ್ತು ಮಳೆಯ ನಡುವೆ. ಎರಡನೆಯ ಸಲ ಹೊಡೆಯುವಾಗ ಮರಕ್ಕೆ ಪಾಚಿ ಹತ್ತಿರುತ್ತದೆ, ಬಟ್ಟೆ ತೊಯ್ದಿರುತ್ತದೆ, ಕೈ ಮರಗಟ್ಟಿರುತ್ತದೆ. ಬೇಸಿಗೆಯಲ್ಲಿ ಸಲೀಸಾಗಿ ಹತ್ತಿದವರೂ ಮಳೆಗಾಲದ ಮರಕ್ಕೆ ಹೊಸಬರೇ ಎಂದು ತಿಳಿಯಿರಿ.

ಒಂದು ಮೆಟ್ಟಿಲು ಮುಗಿಯಿತೆಂದು ಹೇಳಬೇಕಾದವರು ಕಲಿಯುವವರಲ್ಲ, ಕಲಿಸುವವರು. ಕೆಲವು ತಿಂಗಳು ಬಿಡುವಾದ ಮೇಲೆ ಮೊದಲ ದಿನ ಗಿಡ್ಡ ಮರಗಳಿಂದಲೇ ಶುರು ಮಾಡಿ. ತೆಂಗು ಅಭಿವೃದ್ಧಿ ಮಂಡಳಿ ೨೦೧೧ರಲ್ಲಿ ಆರಂಭಿಸಿದ ‘ತೆಂಗಿನ ಮರದ ಗೆಳೆಯರು’ ಯೋಜನೆಯಲ್ಲಿ ಹೊಸಬರಿಗೆ ಆರು ದಿನಗಳ ತರಬೇತಿ ಕೊಟ್ಟು, ಹತ್ತುವ ಯಂತ್ರ ಮತ್ತು ವಿಮೆಯನ್ನೂ ಒದಗಿಸಲಾಯಿತು. ತರಬೇತಿ, ಸಲಕರಣೆ, ವಿಮೆ ಈ ಮೂರೂ ಒಟ್ಟಿಗೆ ಇರಬೇಕೆಂಬ ಪಾಠ ಅಡಿಕೆಗೂ ಸಲ್ಲುತ್ತದೆ.

ಮರವನ್ನು ನೋಡಿ, ಮೈಯನ್ನೂ ನೋಡಿ

ಬುಡದಲ್ಲಿ ಅಣಬೆ ಎದ್ದ ಮರ ಒಳಗೆ ಕೊಳೆತಿರುತ್ತದೆ. ಅಣಬೆ ರೋಗದ ಇಂಥ ಮರಕ್ಕೆ ಯಾರನ್ನೂ ಹತ್ತಿಸಬೇಡಿ. ನೈಋತ್ಯ ದಿಕ್ಕಿನಿಂದ ಮಧ್ಯಾಹ್ನದ ಬಿಸಿಲು ಬಿದ್ದು ಕಾಂಡ ಸುಟ್ಟಂತಾದ, ಬಿರುಕು ಬಿಟ್ಟ ಮರವೂ ಅದೇ ಜಾಗದಲ್ಲಿ ಮುರಿಯುತ್ತದೆ. ಕತ್ತಿಯ ಹಿಂಬದಿಯಿಂದ ಬಡಿದಾಗ ಟೊಳ್ಳು ಸದ್ದು ಬಂದರೆ, ಮರಕುಟಿಗದ ತೂತು ಕಂಡರೆ ಬಿಟ್ಟುಬಿಡಿ. ತಲೆಯಲ್ಲಿ ಕಣಜದ ಗೂಡು, ಚಿಗಳಿ ಕೊಟ್ಟೆ ಇದೆಯೇ ಎಂದು ಕೆಳಗಿನಿಂದಲೇ ನೋಡಿ. ಕಚ್ಚಿದ ಉರಿಗೆ ಕೈ ಬಿಟ್ಟು ಬೀಳುವುದುಂಟು. ಬಿಡಬೇಕಾದ ಮರಗಳಿಗೆ ಹಂಗಾಮಿಗೆ ಮೊದಲೇ ಸುಣ್ಣದ ಗುರುತು ಹಾಕುವುದು ತೋಟದ ಯಜಮಾನರ ಕೆಲಸ. ತೋಟವನ್ನು ವರ್ಷವಿಡೀ ನೋಡುವವರು ಅವರು.

ಇನ್ನು ಮೈಯ ವಿಚಾರ. ಮೂರ್ಛೆರೋಗ, ತಲೆಸುತ್ತು ಇರುವವರು ಮರ ಹತ್ತಲೇಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಹಸಿದ ಹೊಟ್ಟೆಯಲ್ಲಿ ಹತ್ತಿದರೆ ರಕ್ತದ ಸಕ್ಕರೆ ಇಳಿದು ಕಣ್ಣು ಕತ್ತಲಾದೀತು. ರಕ್ತದೊತ್ತಡದ ಹೊಸ ಮಾತ್ರೆ ಶುರುವಾದ ದಿನಗಳಲ್ಲಿ, ನೆಗಡಿಗೆಂದು ತೂಕಡಿಕೆ ತರುವ ಮಾತ್ರೆ ನುಂಗಿದ ದಿನ ನೆಲದ ಕೆಲಸ ಮಾಡಿ. ಹಿಂದಿನ ರಾತ್ರಿಯ ಕುಡಿತವೂ ಮರುದಿನ ಬೆಳಗಿನ ಕೈಕಾಲಿನ ಹಿಡಿತ ಕೆಡಿಸುತ್ತದೆ. ಮನೆಯವರು ತಿಂಡಿ, ನೀರು, ಮಜ್ಜಿಗೆಯನ್ನು ಹೊತ್ತಿಗೆ ಸರಿಯಾಗಿ ತೋಟಕ್ಕೆ ಕಳಿಸಿ. ‘ಇನ್ನು ನಾಲ್ಕೇ ಮರ, ಮುಗಿಸಿಯೇ ಇಳಿಯಿರಿ’ ಎಂದು ಸಂಜೆ ಹೊತ್ತಿನಲ್ಲಿ ಒತ್ತಾಯಿಸಬೇಡಿ.

ಬೆಲ್ಟು, ಯಂತ್ರ, ದೋಟಿ

ಸೊಂಟ ಮತ್ತು ತೊಡೆಗಳಿಗೆ ಹಾಕುವ ಸುರಕ್ಷಾ ಪಟ್ಟಿ ಒಳ್ಳೆಯದು. ಅದು ಮರಕ್ಕೆ ಬಿಗಿದಿರುವಾಗ ಮಾತ್ರ ಕಾಯುತ್ತದೆ ಎಂಬುದನ್ನು ಮರೆಯಬೇಡಿ. ಬಿಚ್ಚಿ ಮತ್ತೆ ಬಿಗಿಯುವ ನಡುವಿನ ಗಳಿಗೆಯಲ್ಲಿ ಹತ್ತಿದವನು ಬರಿಮೈಯವನೇ. ಪಟ್ಟಿಯಲ್ಲಿ ಅಲುಗಾಡದೆ ನೇತಾಡುವುದೂ ಅಪಾಯ. ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಆದ್ದರಿಂದ ಒಬ್ಬರನ್ನೇ ತೋಟಕ್ಕೆ ಕಳಿಸಬೇಡಿ. ಹತ್ತಿ ಇಳಿಸಬಲ್ಲ ಇನ್ನೊಬ್ಬರು ಕೂಗಳತೆಯಲ್ಲಿರಲಿ.

ಮರ ಏರುವ ಯಂತ್ರಗಳೂ ಬಂದಿವೆ. ಬಂಟ್ವಾಳ ತಾಲ್ಲೂಕಿನ ಕೃಷಿಕ ಗಣಪತಿ ಭಟ್ಟರು ರೂಪಿಸಿದ, ಮೋಟಾರಿನಿಂದ ಮರ ಏರುವ ಯಂತ್ರ ೨೦೧೯ರಲ್ಲಿ ದೇಶದ ಗಮನ ಸೆಳೆಯಿತು. ಈಚಿನ ವರ್ಷಗಳಲ್ಲಿ ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಕೊನೆ ಕೊಯ್ಯುವುದೂ ಮದ್ದು ಹೊಡೆಯುವುದೂ ಸಾಧ್ಯವಾಗಿದೆ. ಬೀಳುವ ಭಯ ಹೋಯಿತು, ನಿಜ. ಆದರೆ ಕಾರ್ಬನ್ ಫೈಬರ್ ವಿದ್ಯುತ್ ಹರಿಸುವ ವಸ್ತು. ಅಲ್ಯೂಮಿನಿಯಂ ದೋಟಿಯೂ ಹಾಗೆಯೇ. ತೋಟದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಹಾದಿದ್ದರೆ ಲೈನ್ ಬಂದ್ ಮಾಡಿಸದೆ ದೋಟಿ ಎತ್ತಲೇಬೇಡಿ. ತಲೆಗೆ ಹೆಲ್ಮೆಟ್ ಇರಲಿ, ಕತ್ತಿನ ನೋವಿಗೆ ಆಗಾಗ ಬಿಡುವು ಕೊಡಿ.

ಬಿದ್ದರೆ ಮೊದಲು ಮಾಡಬೇಕಾದದ್ದು

ಇಷ್ಟೆಲ್ಲ ಎಚ್ಚರಿದ್ದೂ ಯಾರಾದರೂ ಬಿದ್ದರೆ, ಸುತ್ತ ಇದ್ದವರು ಓಡಿಬಂದು ಮಾಡುವ ಮೊದಲ ಕೆಲಸವೇ ಬಹಳ ಸಲ ತಪ್ಪಾಗಿರುತ್ತದೆ. ಕೈಕಾಲು ಹಿಡಿದು ಎತ್ತುತ್ತಾರೆ, ಕೂರಿಸುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಮೂರೂ ಬೇಡ.

ಬೆನ್ನುಮೂಳೆ ಮುರಿದರೂ ಒಳಗಿನ ನರಹುರಿ ಉಳಿದಿರಬಹುದು. ಮಡಿಸಿ ಎತ್ತಿದಾಗ ಮುರಿದ ಮೂಳೆ ಹುರಿಯನ್ನು ಒತ್ತಿ, ನಡೆಯಬಹುದಾಗಿದ್ದ ಮನುಷ್ಯ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಳ್ಳಬಹುದು. ಆದ್ದರಿಂದ ಬಿದ್ದಲ್ಲೇ ಮಲಗಿರಲಿ. ಒಬ್ಬರು ತಲೆಯ ಬಳಿ ಕೂತು ತಲೆ, ಕತ್ತು ಅಲುಗದಂತೆ ಎರಡೂ ಕೈಯಿಂದ ಹಿಡಿದುಕೊಳ್ಳಲಿ. ಉಸಿರಾಟ ನೋಡಿ. ಪ್ರಜ್ಞೆ ಇದ್ದರೆ ಕಾಲ್ಬೆರಳು ಆಡಿಸಲು ಹೇಳಿ. ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಇನ್ನೊಬ್ಬರು ಕೂಡಲೇ ೧೦೮ಕ್ಕೆ ಕರೆ ಮಾಡಲಿ. ತೋಟದಲ್ಲಿ ಮೊಬೈಲ್ ಸಿಗ್ನಲ್ ಎಲ್ಲಿ ಸಿಗುತ್ತದೆ, ಗಾಡಿ ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಹಂಗಾಮಿಗೆ ಮೊದಲೇ ಮನೆಯವರೆಲ್ಲ ತಿಳಿದಿರಿ.

ಸಾಗಿಸಲೇಬೇಕಾದಾಗ ನಾಲ್ಕೈದು ಜನ ಸೇರಿ, ತಲೆಯಿಂದ ಕಾಲಿನವರೆಗೆ ಮೈ ಒಂದೇ ದಿಮ್ಮಿಯೆಂಬಂತೆ ಒಟ್ಟಿಗೆ ಹೊರಳಿಸಿ ಅಗಲ ಹಲಗೆಯ ಮೇಲೆ ಮಲಗಿಸಿ. ಬಾಗಿಲ ಹಲಗೆ, ಉದ್ದ ಬೆಂಚು ಆದೀತು. ಬಟ್ಟೆಯಿಂದ ಹಲಗೆಗೆ ಕಟ್ಟಿ, ಕಂಬಳಿ ಹೊದಿಸಿ. ಕಾಲುಸಂಕ ದಾಟುವಾಗ ಅವಸರ ಬೇಡ. ಕಾರಿನ ಹಿಂದಿನ ಸೀಟಿನಲ್ಲಿ ಮುದುರಿ ಕೂರಿಸುವುದಕ್ಕಿಂತ ಹಲಗೆಯ ಸಮೇತ ದೊಡ್ಡ ಗಾಡಿಯಲ್ಲಿ ಒಯ್ಯುವುದು ಮೇಲು. ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆ. ಅಲ್ಲಿ ಉಸಿರು, ರಕ್ತಸ್ರಾವ ಹತೋಟಿಗೆ ಬಂದ ಮೇಲೆ ಅಗತ್ಯವಿದ್ದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ. ಶಿರಸಿಯಿಂದ ಹುಬ್ಬಳ್ಳಿಯೇ ೧೦೦ ಕಿಲೋಮೀಟರ್ ದೂರ.

ಇನ್ನೊಂದು ಮಾತು. ಬಿದ್ದವನು ಎದ್ದು ನಿಂತು ‘ಏನೂ ಆಗಿಲ್ಲ, ಹಿಮ್ಮಡಿ ನೋವು ಅಷ್ಟೇ’ ಎಂದರೂ ವೈದ್ಯರಿಗೆ ತೋರಿಸಿ. ಎತ್ತರದಿಂದ ಕಾಲೂರಿ ಬಿದ್ದಾಗ ಹಿಮ್ಮಡಿ ಮೂಳೆಯ ಜೊತೆಗೆ ಬೆನ್ನುಮೂಳೆಯೂ ಮುರಿದಿರುವುದುಂಟು. ಕೆಲವು ಗಂಟೆಗಳ ನಂತರ ತಲೆನೋವು, ವಾಂತಿ, ಅತಿಯಾದ ನಿದ್ದೆ, ಹೊಟ್ಟೆನೋವು ಕಂಡರೆ, ಮೂತ್ರ ಕಟ್ಟಿದರೆ ರಾತ್ರಿಯೆಂದು ಕಾಯಬೇಡಿ. ಬೋರ್ಡೋ ದ್ರಾವಣ ಕಣ್ಣಿಗೆ ಬಿದ್ದರೆ ಶುದ್ಧ ನೀರಿನಿಂದ ೧೫ರಿಂದ ೨೦ ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ.

ಕೊಯ್ಲಿಗೆ ಮೊದಲು ಒಂದು ಸಣ್ಣ ಕೆಲಸ

ವರ್ಷಕ್ಕೆ ೨೦ ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ೧೮ರಿಂದ ೭೦ ವರ್ಷದೊಳಗಿನ, ಬ್ಯಾಂಕ್ ಅಥವಾ ಅಂಚೆ ಖಾತೆ ಇರುವ ಯಾರೂ ಸೇರಬಹುದು. ಅಪಘಾತದಿಂದ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ ೨ ಲಕ್ಷ ರೂಪಾಯಿ ಪರಿಹಾರವಿದೆ. ಒಂದು ಕುಟುಂಬದ ದುಡಿಮೆಗೆ ಇದು ಸಮವಲ್ಲ, ಆದರೂ ಏನೂ ಇಲ್ಲದಿರುವುದಕ್ಕಿಂತ ಲೇಸು. ನಿಮ್ಮ ತೋಟಕ್ಕೆ ಬರುವವರ ಹೆಸರಿನಲ್ಲಿ ಇದು ಇದೆಯೇ ಎಂದು ಕೇಳಿ. ಇಲ್ಲವಾದರೆ ಬ್ಯಾಂಕಿಗೆ ಜೊತೆಯಲ್ಲಿ ಹೋಗಿ ಬನ್ನಿ.

ಮುಂದಿನ ಸಲ ಹೊಸ ಹುಡುಗನೊಬ್ಬ ಮರದ ಬುಡದಲ್ಲಿ ನಿಂತು, ಮೇಲೆ ನೋಡಿ, ‘ಈ ಮರ ಬೇಡ’ ಎಂದರೆ ನಗಬೇಡಿ. ಅವನ ವಿದ್ಯೆ ಅಲ್ಲಿಂದ ಶುರುವಾಗುತ್ತದೆ. ಆ ಮರದ ಎರಡು ಕೊನೆ ಹೋದರೆ ಹೋಗಲಿ, ಸಂಜೆ ಅವನು ನಡೆದುಕೊಂಡು ಮನೆಗೆ ಹೋಗಲಿ.