ಗಡಿ ಮುಚ್ಚಿದಾಗ ಆಸ್ಪತ್ರೆ ಎಷ್ಟು ದೂರ?

ರಾಯದುರ್ಗ 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಹುಟ್ಟಿದಾಗ ಅನಂತಪುರದ ಪಾಲಾಯಿತು. ಆದರೂ ಅಲ್ಲಿನವರಿಗೆ ಅನಂತಪುರಕ್ಕಿಂತ ಬಳ್ಳಾರಿಯೇ ಹತ್ತಿರ. ವಿಮ್ಸ್ ಎಂದು ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರುವುದೂ ಅಲ್ಲೇ. 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದ ಮಡಕಶಿರಾಕ್ಕಂತೂ ಹೆಚ್ಚುಕಡಿಮೆ ಸುತ್ತಲೂ ಕರ್ನಾಟಕ. ಪಾವಗಡ, ಶಿರಾ, ಮಧುಗಿರಿ ಎಲ್ಲ ನೆರೆಯ ತಾಲ್ಲೂಕುಗಳೇ.

ಇಂಥ ಕಡೆ ರಾಜ್ಯದ ಗಡಿ ಮುಚ್ಚುವುದೆಂದರೆ ಆಸ್ಪತ್ರೆಯ ಬಾಗಿಲು ಮುಚ್ಚಿದಂತೆಯೇ. ಅದರ ಪರಿಣಾಮ ನಿಚ್ಚಳವಾಗಿ ಕಂಡದ್ದು ಇನ್ನೊಂದು ಗಡಿಯಲ್ಲಿ. ಕೋವಿಡ್ ಹಬ್ಬತೊಡಗಿದ್ದ 2020ರ ಮಾರ್ಚ್‌ನಲ್ಲಿ ಕರ್ನಾಟಕವು ಕೇರಳದ ಗಡಿಯಲ್ಲಿರುವ ತಲಪಾಡಿಯ ದಾರಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಸುರಿಯಿತು. ಹೃದ್ರೋಗಕ್ಕೂ ಡಯಾಲಿಸಿಸ್‌ಗೂ ಮಂಗಳೂರನ್ನೇ ನೆಚ್ಚಿದ್ದ ಕೇರಳದ ಕಾಸರಗೋಡಿನ ಹಲವರು ಚಿಕಿತ್ಸೆ ಸಿಗದೆ ತೀರಿಕೊಂಡರು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ದಾರಿ ತೆರೆಯಲು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. ಇಷ್ಟಾದರೂ ಪಾಠ ಕಲಿತಂತಿರಲಿಲ್ಲ. 2021ರ ಮೇನಲ್ಲಿ ಹೈದರಾಬಾದಿಗೆ ಹೊರಟಿದ್ದ ಆಂಧ್ರದ ಆಂಬುಲೆನ್ಸ್‌ಗಳನ್ನು ತೆಲಂಗಾಣ ಪೊಲೀಸರು ಗಡಿಯಲ್ಲೇ ತಡೆದರು. ಅಲ್ಲೂ ಹೈಕೋರ್ಟೇ ಮಧ್ಯೆ ಬರಬೇಕಾಯಿತು.

ಗಡಿ ತೆರೆದಿದ್ದರೂ ಭಯ ಕಾಲು ಕಟ್ಟಿಹಾಕುತ್ತಿತ್ತು. ಆಸ್ಪತ್ರೆಗೆ ಹೋದರೆ ಸೋಂಕು ತಗಲೀತು, ಕ್ವಾರಂಟೈನ್‌ಗೆ ಹಾಕಿಯಾರು ಎಂದು ಜನ ಎದೆನೋವನ್ನು ಗ್ಯಾಸ್ಟ್ರಿಕ್ ಎಂದುಕೊಂಡು ಮನೆಯಲ್ಲೇ ಉಳಿಯುತ್ತಿದ್ದರು. ಹೃದಯದ ರಕ್ತನಾಳ ಕಟ್ಟಿಕೊಂಡಾಗ ತಡವಾದಷ್ಟೂ ಸ್ನಾಯು ಸಾಯುತ್ತ ಹೋಗುತ್ತದೆ. ಇತ್ತ 108 ಆಂಬುಲೆನ್ಸ್‌ಗೆ ಕರೆಗಳ ಮೇಲೆ ಕರೆ. ಸಿಬ್ಬಂದಿ ಪಿಪಿಇ ಕಿಟ್ ತೊಡಬೇಕಿತ್ತು, ಒಬ್ಬರನ್ನು ಇಳಿಸಿದ ಮೇಲೆ ಗಾಡಿ ತೊಳೆಯಬೇಕಿತ್ತು. ಕೋವಿಡ್ ಸ್ವತಃ ಮೋಸಗಾರ ಬೇರೆ. ಏದುಸಿರೇ ಇಲ್ಲದೆ ರಕ್ತದ ಆಮ್ಲಜನಕ ಕುಸಿದು, ಬೆಳಿಗ್ಗೆ ಮಾತಾಡುತ್ತಿದ್ದವರು ಸಂಜೆಗೆ ಇಲ್ಲವಾದ ಉದಾಹರಣೆಗಳುಂಟು.

ಇಟಲಿಯ ಲೊಂಬಾರ್ಡಿ ಪ್ರಾಂತದ ಕೆಲವು ಜಿಲ್ಲೆಗಳಲ್ಲಿ ಆಸ್ಪತ್ರೆ ತಲುಪದ ಇಂಥ ಪ್ರಕರಣಗಳನ್ನು ಲೆಕ್ಕ ಹಾಕಿದ್ದಾರೆ. ಸೋಂಕು ಹಬ್ಬಿದ ಮೊದಲ 40 ದಿನಗಳಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತ ಪ್ರಕರಣಗಳು ಹಿಂದಿನ ವರ್ಷದ ಇದೇ ಅವಧಿಯ 229ರಿಂದ 362ಕ್ಕೆ ಏರಿದವು. ಹೆಚ್ಚಳದ ಮುಕ್ಕಾಲು ಪಾಲು ಕೋವಿಡ್ ಇದ್ದವರು ಅಥವಾ ಶಂಕಿತರು. ಉಳಿದ ಕಾಲು ಭಾಗವನ್ನು ಸೋಂಕಿನ ತಲೆಗೆ ಕಟ್ಟಲು ಆ ಲೆಕ್ಕದಲ್ಲಿ ಆಧಾರವಿಲ್ಲ.

ನಮ್ಮಲ್ಲಿ ಅಷ್ಟು ನಿಖರ ಲೆಕ್ಕವಿಲ್ಲ. ಭಾರತದ ನೋಂದಾಯಿತ ಸಾವುಗಳಲ್ಲಿ ವೈದ್ಯಕೀಯ ನೆರವೇ ಸಿಗದವು 2019ರಲ್ಲಿ ಶೇ 34.5 ಇದ್ದದ್ದು 2020ರಲ್ಲಿ ಶೇ 45ಕ್ಕೆ ಜಿಗಿಯಿತು. ಆಸ್ಪತ್ರೆಯಲ್ಲಾದ ಸಾವುಗಳು ಶೇ 32.1ರಿಂದ 28ಕ್ಕೆ ಇಳಿದವು. ಇದರಲ್ಲಿ ದಾಖಲಿಸುವ ರೀತಿಯ ಏರುಪೇರೂ ಸೇರಿರಬಹುದು. ಸಾವಿನ ಕಾರಣವನ್ನು ವೈದ್ಯರು ಪ್ರಮಾಣೀಕರಿಸಿದ್ದು ಆ ವರ್ಷ ಶೇ 22.5ರಷ್ಟು ಸಾವುಗಳಿಗೆ ಮಾತ್ರ. ಹೀಗಾಗಿ ಮಡಕಶಿರಾದ ಹಳ್ಳಿಯೊಂದರಲ್ಲಿ ಮನೆಯಲ್ಲೇ ಕೊನೆಯುಸಿರೆಳೆದವರ ಪೈಕಿ ಸೋಂಕಿನಿಂದ ಹೋದವರೆಷ್ಟು, ತಡವಾದದ್ದರಿಂದ ಹೋದವರೆಷ್ಟು ಎಂದು ಈ ದಾಖಲೆಗಳನ್ನು ನೋಡಿ ಬಿಡಿಸಿ ಹೇಳಲಾಗದು.